ಸೋಲುವ ಪಾಳಿ

ಟಿವಿಯಲ್ಲಿ ಟೆನಿಸ್ ನಡೆದಿತ್ತು. ಒಂದು ಕಾಲಕ್ಕೆ ಯಾರ ಕೈಗೂ ಸಿಗದೆ ಗೆದ್ದ ಆಟಗಾರನೊಬ್ಬ ಈಗ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ತನಗಿಂತ ಹದಿನೈದು ವರ್ಷ ಚಿಕ್ಕವನೆದುರು ಏದುಸಿರು ಬಿಡುತ್ತ ಓಡಾಡುತ್ತಿದ್ದ. ನಮ್ಮ ಯಜಮಾನರು ಕುರ್ಚಿಯಲ್ಲಿ ಕುಳಿತು, ಅಡಕೊತ್ತಿನಲ್ಲಿ ಅಡಕೆ ಕತ್ತರಿಸುತ್ತ ನೋಡುತ್ತಿದ್ದರು.

"ಇಂವಗ ಯಾರರೆ ಹೇಳಬಾರದೇನು? ಹೆಸರು ಇದ್ದಾಗನ ಬಿಟ್ಟಿದ್ರ ಎಷ್ಟ ಛಂದ ಇತ್ತು," ಎಂದರು.

ನನಗೆ ಮೈ ಉರಿಯಿತು. ಈ ಮನುಷ್ಯ ಜನ್ಮದಲ್ಲಿ ರಾಕೆಟ್ ಹಿಡಿದವರಲ್ಲ. ಹೊರಟ ಬಸ್ಸಿನ ಹಿಂದೆ ಕೂಡ ಓಡಿದವರಲ್ಲ, ಮುಂದಿನ ಬಸ್ಸಿಗೆ ಕಾಯುವ ಪೈಕಿ. ಕಚೇರಿಯಲ್ಲಿ ಗುಮಾಸ್ತರಾಗಿ ಅರವತ್ತು ತುಂಬುವವರೆಗೆ ಕುಳಿತಿದ್ದರು. ತುಂಬಿದ ದಿನ ಹಾರ ಹಾಕಿಸಿಕೊಂಡು ಎದ್ದು ಬಂದರು. ಹೆಸರು ಇದ್ದಾಗಲೇ ಬಿಟ್ಟು ಬಾ ಎಂದು ಅವರಿಗೆ ಯಾರೂ ಹೇಳಲಿಲ್ಲ. ಕೂತು ಮಾಡುವ ಕೆಲಸಕ್ಕೆ ಅರವತ್ತರವರೆಗೆ ಕಾಯುವ ಜನ, ಓಡಿ ಮಾಡುವ ಕೆಲಸಕ್ಕೆ ಮಾತ್ರ ಮೂವತ್ತೈದಕ್ಕೇ ಗಂಟೆ ಬಾರಿಸುತ್ತಾರೆ.

ಅವರು ನೋಡುತ್ತಿದ್ದದ್ದು ಟಿವಿಯನ್ನು, ಹೇಳುತ್ತಿದ್ದದ್ದು ನನಗೆ. ನಾನೂ ಚಾಂಪಿಯನ್ನೇ. ನಗುವವರು ನಗಲಿ. ನನ್ನದು ಆ ಟೆನಿಸ್ ಅಲ್ಲ, ರಿಂಗ್ ಟೆನಿಸ್. ನಮ್ಮ ಕಡೆ ಹೆಣ್ಣುಮಕ್ಕಳ ಸಾಲಿಯಲ್ಲಿ ಓದಿದ ಯಾರನ್ನೇ ಕೇಳಿ, ಗೊತ್ತಿರುತ್ತದೆ. ತಲೆಗಿಂತ ಎತ್ತರಕ್ಕೆ ನೆಟ್ ಕಟ್ಟುತ್ತಾರೆ. ರಬ್ಬರಿನ ಒಂದು ರಿಂಗನ್ನು ಅದರ ಮೇಲಿಂದ ಆಚೆ ಎಸೆಯಬೇಕು. ಆಚೆಯವಳು ಅದನ್ನು ಒಂದೇ ಕೈಯಲ್ಲಿ ಹಿಡಿದು, ನಿಂತ ಜಾಗದಿಂದ ತಿರುಗಿ ಎಸೆಯಬೇಕು. ಎರಡು ಕೈ ಹಚ್ಚಿದರೆ ಪಾಯಿಂಟ್ ಹೋಯಿತು, ನೆಲಕ್ಕೆ ಬಿಟ್ಟರೂ ಹೋಯಿತು. ಇಪ್ಪತ್ತೊಂದು ಮುಟ್ಟಿದವಳು ಗೆದ್ದಳು. ಇದಕ್ಕೆ ರಾಕೆಟ್ ಬೇಡ, ಬೂಟು ಬೇಡ. ಅದಕ್ಕೇ ಇದು ಹೆಣ್ಣುಮಕ್ಕಳಿಗೆ ಬಂತು.

ನಾನು ರಿಂಗ್ ಹಿಡಿದದ್ದು ಸುರೇಬಾನದ ಸಾಲಿಯ ಅಂಗಳದಲ್ಲಿ, ನಾಲ್ಕನೆಯ ಇಯತ್ತೆ ಓದುವಾಗ. ಮನೆಯಲ್ಲಿ ಅಪ್ಪ ಪಂಚಾಂಗ ನೋಡುವವರು, ಮಡಿ ಮೈಲಿಗೆ ಬಹಳ. ಲಂಗ ಎತ್ತಿ ಸಿಕ್ಕಿಸಿಕೊಂಡು ಮಗಳು ಜಿಗಿಯುವುದು ಅವರಿಗೆ ಸೇರುತ್ತಿರಲಿಲ್ಲ. ಆದರೆ ಜಿಲ್ಲೆಗೆ ಹೋಗಿ ಕಪ್ ತಂದ ದಿನ ಅದನ್ನು ದೇವರ ಮನೆಯ ಮಾಡದಲ್ಲಿಟ್ಟವರೂ ಅವರೇ. ಮುಂದೆ ಮಾಸ್ತರಿಕೆ ಸಿಕ್ಕಿತು, ಸವದತ್ತಿಗೆ ಸೊಸೆಯಾಗಿ ಬಂದೆ, ಉಗರಗೋಳದ ಸಾಲಿಯಲ್ಲಿ ಹದಿನಾಲ್ಕು ವರ್ಷ ಕಲಿಸಿದೆ. ಹೋದಲ್ಲೆಲ್ಲ ಮೊದಲು ಎರಡು ಕಂಬ ನೆಡಿಸಿ ನೆಟ್ ಕಟ್ಟಿಸುತ್ತಿದ್ದೆ. ಆಮೇಲೆ ಬೋರ್ಡಿನ ಮೇಲೆ ತಾರೀಖು ಬರೆಯುತ್ತಿದ್ದೆ.

ನಮ್ಮ ಈ ನಾಲ್ಕು ತಾಲೂಕುಗಳ, ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನೌಕರಿಯ ಹೆಣ್ಣುಮಕ್ಕಳು ಕೂಡಿ ವರ್ಷಕ್ಕೊಮ್ಮೆ ಆಟ ಇಟ್ಟುಕೊಳ್ಳುತ್ತೇವೆ. ಒಂದು ವರ್ಷ ಒಂದು ಊರಿನ ಪಾಳಿ. ಪಾಳಿ ಬಂದ ಊರಿನವರು ಮೈದಾನ, ಊಟ, ಮೈಕು ನೋಡಿಕೊಳ್ಳಬೇಕು. ರಿಂಗಿನಲ್ಲಿ ಗೆದ್ದವಳು ಧಾರವಾಡಕ್ಕೆ ಹೋಗಿ ಬೇರೆ ಜಿಲ್ಲೆಗಳ ಗೆದ್ದವರ ಜೊತೆ ಆಡಬೇಕು. ಹತ್ತು ಸಲ ನಾನು ಗೆದ್ದೆ. ಮುಂಗೈ ತಿರುಗಿಸಿ ತಟ್ಟೆಯಂತೆ ಚಪ್ಪಟೆಯಾಗಿ ರಿಂಗ್ ಬಿಡುವುದು ನನ್ನ ಪದ್ಧತಿ. ಅದು ನೆಟ್ ದಾಟಿದ ಕೂಡಲೇ ಕುಸಿಯುತ್ತಿತ್ತು, ಎದುರಿನವಳು ಬಗ್ಗುವುದರೊಳಗೆ ನೆಲದ ಮೇಲಿರುತ್ತಿತ್ತು.

ಹತ್ತನೆಯ ಸಲ ಗೆದ್ದದ್ದು ಬೈಲಹೊಂಗಲದಲ್ಲಿ. ಆಗ ನನಗೆ ಐವತ್ಮೂರು. ಸತ್ಕಾರ ಇಟ್ಟಿದ್ದರು. ನಮ್ಮ ಕಡೆ ಸತ್ಕಾರ ಎಂದರೆ ಸುಮ್ಮನೆ ಅಲ್ಲ. ಹೆಗಲ ಮೇಲೆ ಶಾಲು ಬಿತ್ತು ಎಂದರೆ ನಿಮ್ಮ ಲೆಕ್ಕ ಮುಗಿಯಿತು, ಇನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ಹೊಡೆಯಬೇಕು ಎಂದರ್ಥ. ಶಾಲು ಹೊದಿಸಿದ ಸಾಹೇಬರು ಮೈಕು ಹಿಡಿದು, "ಅಕ್ಕಾವ್ರು ಭಾಳ ದುಡದಾರ, ಇನ್ನ ವಿಶ್ರಾಂತಿ ತಗೊಂಡು ಹೊಸಬರಿಗೆ ದಾರಿ ಮಾಡಿ ಕೊಡಬೇಕು," ಎಂದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕಾವ್ರು, ಅಕ್ಕಾರು ಎನ್ನುತ್ತಾರೆ. ಅರ್ಧ ಗಂಟೆ ಮೊದಲು ನಾನು ಹೊಸಬಳೊಬ್ಬಳನ್ನೇ ಸೋಲಿಸಿದ್ದೆ. ಅವಳಿಗೆ ದಾರಿ ಬೇಕಾಗಿದ್ದರೆ ಅವಳು ಅಲ್ಲೇ ಮಾಡಿಕೊಳ್ಳಬಹುದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಎದ್ದು ಹೋಗಿ ಅವರ ಕೈಯಿಂದ ಮೈಕು ಇಸಿದುಕೊಂಡೆ.

"ನನ್ನನ್ನ ಸೋಲಸೂ ಹೆಣ್ಣಮಗಳು ಬರಲಿ. ಆಕಿ ಬಂದ ದಿನ ನಾ ರಿಂಗ್ ಕೆಳಗ ಇಡತೇನಿ. ಅಲ್ಲೀತನಕ ಆಟ ಬಿಡ್ರಿ ಅನ್ನೂ ಮಾತ ಯಾರೂ ಎತ್ತಬ್ಯಾಡ್ರಿ," ಎಂದೆ.

ಜನ ಚಪ್ಪಾಳೆ ಹೊಡೆದರು. ಹಿಂದಿನಿಂದ ಒಬ್ಬಾಕೆ ಸೀಟಿ ಕೂಡ ಹಾಕಿದಳು. ಆ ಮಾತು ನನಗೆ ಬಹಳ ಸರಿ ಎನಿಸಿತ್ತು. ಈಗಲೂ ಮಾತು ಸರಿಯೇ. ಅದನ್ನು ಯಾರೆದುರು ಆಡಿದೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಮುಂದಿನ ವರ್ಷ ಕಿತ್ತೂರಿನಲ್ಲಿ ಗೆದ್ದೆ. ಅದರ ಮುಂದೆ ಸವದತ್ತಿಯಲ್ಲಿ, ಆಮೇಲೆ ರಾಮದುರ್ಗದಲ್ಲಿ, ಮತ್ತೆ ಪಾಳಿ ತಿರುಗಿ ಬಂದು ಬೈಲಹೊಂಗಲದಲ್ಲಿ. ಈ ನಡುವೆ ನನ್ನ ಎಡ ಮೊಣಕಾಲು ಕೈಕೊಟ್ಟಿತ್ತು. ಎಡಕ್ಕೆ ಹೊರಳುವಾಗ ಒಳಗೆ ಏನೋ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆದರೂ ಗೆಲ್ಲುತ್ತಿದ್ದೆನಲ್ಲ, ಹಾಗಾಗಿ ಮೊಣಕಾಲಿನ ಮಾತಿಗೆ ಬೆಲೆ ಕೊಡಲಿಲ್ಲ. ಮೊದಲ ಮೂರು ವರ್ಷ ಧಾರವಾಡಕ್ಕೆ ಹೋದಾಗ ಮಾತ್ರ ಪ್ರತಿ ಸಲವೂ ಮೊದಲನೆಯ ಸುತ್ತಿನಲ್ಲೇ ಮಣ್ಣು ಮುಕ್ಕಿದೆ. ಒಂದು ಸಲ ಇಪ್ಪತ್ತೊಂದು–ನಾಲ್ಕು. ಅಲ್ಲಿ ಪ್ರತಿ ರಿಂಗೂ ನನ್ನ ಎಡಗಡೆಯ ಮೂಲೆಗೇ ಬರುತ್ತಿತ್ತು. ಎಂಥ ಕೆಟ್ಟ ಹುಡುಗಿಯರು, ಹಿರಿಯರೆಂಬ ಖಬರಿಲ್ಲ ಎಂದುಕೊಂಡೆ. ಮನೆಗೆ ಬಂದು, ಅಲ್ಲಿಯ ರಿಂಗು ಭಾರ, ಅಲ್ಲಿಯ ಗಾಳಿ ಬೇರೆ, ಬಸ್ಸಿನಲ್ಲಿ ಕೂತು ಸೊಂಟ ಹಿಡಿದಿತ್ತು ಎಂದು ಹೇಳಿದೆ.

"ಮತ್ತ ಸೋತ ದಿನ ಬಿಡತೇನಿ ಅಂದಿದ್ದೆಲ್ಲ?" ಎಂದು ಯಜಮಾನರು ಕೇಳಿದರು.

"ಅದು ಊರಾಗಿನ ಮಾತು. ಧಾರವಾಡ ಬ್ಯಾರೆ," ಎಂದೆ.

ಆ ಉತ್ತರ ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ನಾಲ್ಕು ವರ್ಷ ಒಂದು ಜಾಗದಲ್ಲಿ ಒಂದೇ ಒಂದು ರಿಂಗು ಎಡಕ್ಕೆ ಬರುವುದಿಲ್ಲ, ಇನ್ನೊಂದು ಜಾಗದಲ್ಲಿ ಎಲ್ಲವೂ ಎಡಕ್ಕೇ ಬರುತ್ತವೆ. ಎರಡನೆಯ ಇಯತ್ತೆಯ ಕೂಸಿಗೂ ಇದರ ಅರ್ಥ ಗೊತ್ತಾಗಬೇಕು. ನಾನು ಮಕ್ಕಳಿಗೆ ಗಣಿತ ಕಲಿಸುವಾಕೆ.

ಗೊತ್ತಾದದ್ದು ಹೀಗೆ. ಟಿವಿ ಎದುರು ಯಜಮಾನರು ಆ ಮಾತಾಡಿದ ಕೆಲವೇ ದಿನಕ್ಕೆ, ಎರಡನೆಯ ಸಲದ ಬೈಲಹೊಂಗಲದ ಆಟ ಮುಗಿದಿತ್ತು. ಫೈನಲ್ಲಿನಲ್ಲಿ ನನ್ನೆದುರು ಆಡಿದವಳು ಉಗರಗೋಳದ ನರ್ಸ್, ನಾನು ಅಲ್ಲಿದ್ದಾಗ ನನ್ನ ಕೈಯಲ್ಲೇ ಕಲಿತ ಹುಡುಗಿ. ಹುಡುಗಿ ಎನ್ನುವುದು ರೂಢಿ, ಅವಳಿಗೂ ನಲವತ್ತಾಗಿತ್ತು. ಇಪ್ಪತ್ತೊಂದು–ಹದಿನಾರರಲ್ಲಿ ಸೋಲಿಸಿದ್ದೆ. ಬಟ್ಟೆ ಬದಲಿಸಲು ನಮಗೆ ಬಿಟ್ಟುಕೊಟ್ಟಿದ್ದ ಕೋಣೆಯ ಹಿಂದೆ ಒಂದು ನಲ್ಲಿ ಇತ್ತು. ನಾನು ಅಲ್ಲಿ ಕಾಲು ತೊಳೆಯುತ್ತಿದ್ದೆ. ಒಳಗೆ ಹೆಂಗಸರ ಮಾತು ಕಿಟಕಿಯಿಂದ ಸ್ಪಷ್ಟ ಕೇಳುತ್ತಿತ್ತು.

"ಬರೂ ವರ್ಷ ಯಾರ ಪಾಳಿ?" ಎಂದಳು ಒಬ್ಬಳು.

"ಕಿತ್ತೂರದ್ದಲ್ಲೇನ," ಎಂದಳು ಬೈಲಹೊಂಗಲದವಳು. ಅವಳ ದನಿ ನನಗೆ ಗೊತ್ತು, ಹಿಂದಿನ ವರ್ಷ ಫೈನಲ್ಲಿನಲ್ಲಿ ನನ್ನೆದುರು ಸೋತವಳು.

"ಅದಲ್ಲವಾ. ಆಟ ಇಡೂ ಪಾಳಿ ಯಾರ ಕೇಳಿದ್ರು? ಅಕ್ಕಾರಿಗೆ ಬಿಡೂ ಪಾಳಿ."

"ಓ, ಅದ. ಈ ವರ್ಷ ಉಗರಗೋಳದಾಕಿದು ಮುಗೀತು. ಬರೂ ವರ್ಷ ರಾಮದುರ್ಗದಾಕಿದು. ನಾ ಹೋದ ವರ್ಷ ಬಿಟ್ಟೇನಿ, ನನಗ ಈಗ ಹಚ್ಚಬ್ಯಾಡ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳಗೆ ನುಗ್ಗಿ ಜಗಳ ತೆಗೆಯುತ್ತಿದ್ದೆ. ಓಣಿಯಲ್ಲಿ ನಲ್ಲಿ ನೀರಿನ ಪಾಳಿ ಮಾತಾಡುವ ಹಾಗೆ ಮಾತಾಡುತ್ತಿದ್ದರು, ಇಂದು ನಿನ್ನದು, ನಾಳೆ ನನ್ನದು ಎಂದು. ಮೂರು ಜನ ಒಳ್ಳೆಯ ಆಟಗಾರ್ತಿಯರು ನನ್ನ ಸೋಲನ್ನು ಮೂರು ಪಾಲು ಮಾಡಿ ಹಂಚಿಕೊಂಡಿದ್ದರು. ಫೈನಲ್ಲಿಗೆ ಬಂದು ನನಗೆ ಬಿಟ್ಟುಕೊಡುವುದು ವರ್ಷಕ್ಕೊಬ್ಬಳ ಪಾಳಿ. ಅದಕ್ಕಿಂತ ಮೊದಲಿನ ಸುತ್ತುಗಳಲ್ಲಿ ನಾನು ಯಾರಿಗೆ ಸಿಕ್ಕರೂ ಅವರು ತಾವಾಗಿಯೇ ಬಿಡುತ್ತಿದ್ದರು.

ನಾನು ನಲ್ಲಿ ಬಂದ್ ಮಾಡಿ, ಒದ್ದೆ ಕಾಲಿಗೇ ಚಪ್ಪಲಿ ಮೆಟ್ಟಿ, ಬಸ್ ನಿಲ್ದಾಣಕ್ಕೆ ನಡೆದೆ. ಜೀವಮಾನವಿಡೀ ಬೇಡವಾದಲ್ಲೆಲ್ಲ ಬಾಯಿ ತೆಗೆದವಳು, ಬೇಕಾದಲ್ಲಿ ಮುಚ್ಚಿಕೊಂಡು ಬಂದೆ. ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಕಂಡಕ್ಟರ್ ಪರಿಚಯದವನು, "ಈ ವರ್ಷಾನೂ ನಿಮ್ಮದ ಏನ್ರಿ ಅಕ್ಕಾರ?" ಎಂದು ಕೇಳಿದ. ಹೌದು ಎಂದೆ. ಸುಳ್ಳೆಂದು ಗೊತ್ತಿದ್ದೂ ನಾನು ಹೇಳಿದ ಮೊದಲನೆಯ ಹೌದು ಅದು.

ಮನೆಯಲ್ಲಿ ಆಗ ಪೂಜೆಯ ಪಾಳಿ ನಡೆದಿತ್ತು. ನಮ್ಮ ಮಾವನವರ ಮನೆತನಕ್ಕೆ ಓಣಿಯ ಹನುಮಪ್ಪನ ಗುಡಿಯ ಪೂಜೆ ಬಂದಿದೆ. ಅಣ್ಣತಮ್ಮಂದಿರ ನಾಲ್ಕು ಮನೆ, ವರ್ಷದಲ್ಲಿ ಮೂರು ಮೂರು ತಿಂಗಳು. ಯಜಮಾನರು ಗುಡಿಯಿಂದ ಬಂದು ಪಂಚೆ ಒಣಹಾಕುತ್ತಿದ್ದರು. ನಾನು ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿ, ಕೇಳಿದ್ದನ್ನೆಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಪಂಚೆಯ ಅಂಚನ್ನು ಎಳೆದು ಎಳೆದು ನೇರ ಮಾಡಿದರು.

"ನಿಮಗ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳ್ರಿ," ಎಂದೆ.

"ಸವದತ್ತಿಯೊಳಗ ಆಟ ಆದಾಗ ನೋಡಲಿಕ್ಕೆ ಬಂದಿದ್ದೆನಲ್ಲ. ಆ ರಾಮದುರ್ಗದಾಕಿ ಕೈಗೆ ಬಂದ ರಿಂಗ್ ಬಿಟ್ಟಳು. ಒಮ್ಮೆ ಅಲ್ಲ, ಆರು ಸಲ. ನಾ ಎಣಿಸಿದೆ."

"ಎಣಿಸಿದ್ರಿ. ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದೆನಲ್ಲ. ಆಟ ಬಿಡು, ಸಾಕ ಮಾಡು ಅಂತ ಅವತ್ತಿನಿಂದ ಹೇಳಲಿಕ್ಕೆ ಹತ್ತೇನಿ."

"ಬಿಡು ಅನ್ನೂದು ಬ್ಯಾರೆ, ನೀ ಸೋತಿ ಅನ್ನೂದು ಬ್ಯಾರೆ," ಎಂದೆ. "ಬಿಡು ಅನ್ನಲಿಕ್ಕೆ ಊರ ತುಂಬ ಮಂದಿ ಇದ್ದಾರ. ಸೋತಿ ಅನ್ನಲಿಕ್ಕೆ ನೀವೊಬ್ಬರ ಇದ್ರಿ."

ಅವರಿಗೂ ಸ್ವಲ್ಪ ನಾಟಿರಬೇಕು. ತಣ್ಣಗೆ, ಗುಡಿಯಲ್ಲಿ ಭಕ್ತರಿಗೆ ಹೇಳುವ ದನಿಯಲ್ಲಿ, "ಹಂಗ ಯಾಕ ತಿಳಕೋತಿ? ಪಾಳಿ ಹಚಗೊಂಡಾರ ಅಂದ್ರ ಅದು ಮರ್ಯಾದಿನ ಅಲ್ಲೇನು. ಹನುಮಪ್ಪಗ ನಾವು ಪಾಳಿ ಮಾಡೂದಿಲ್ಲೇನು?" ಎಂದರು.

"ನಾ ಕಲ್ಲಿನ ಹನುಮಪ್ಪ ಅಲ್ಲ," ಎಂದು ಒಳಗೆ ಹೋದೆ.

ಎರಡು ದಿನ ಕಳೆದವು. ಟಿವಿಯಲ್ಲಿ ಆ ಟೆನಿಸ್ ಆಟಗಾರ ಮತ್ತೊಮ್ಮೆ ಸೋಲುತ್ತಿದ್ದ. ಯಜಮಾನರು ಚಾನಲ್ ಬದಲಿಸಲು ಕೈ ಹಾಕಿದಾಗ ರಿಮೋಟ್ ಕಸಿದುಕೊಂಡು ಕೊನೆಯವರೆಗೂ ನೋಡಿದೆ. ಎದುರಿನವನು ಅವನ ಕೆಟ್ಟ ಮೊಣಕಾಲಿನ ಕಡೆಗೇ ಚೆಂಡು ಹೊಡೆಯುತ್ತಿದ್ದ. ಕರುಣೆ ಇಲ್ಲದೆ, ಒಂದಾದ ಮೇಲೊಂದು. ನನಗೆ ಆ ಸೋಲುವವನ ಮೇಲೆ ಹೊಟ್ಟೆಕಿಚ್ಚಾಯಿತು. ಅವನಿಗೆ ಎದುರಾಳಿಗಳಿದ್ದಾರೆ, ನನಗಿದ್ದದ್ದು ಭಕ್ತರು. ಆಟ ಮುಗಿದ ಮೇಲೆ ಅವನು ನೆಟ್ ಹತ್ತಿರ ಬಂದು ಆ ಚಿಕ್ಕವನ ಕೈ ಕುಲುಕಿದ, ಚೀಲ ಎತ್ತಿಕೊಂಡು ಹೋದ. ಇನ್ನೂ ಆಡಬೇಕೋ ಬೇಡವೋ ಎಂಬುದನ್ನು ಅವನು ತೀರ್ಮಾನಿಸಬಹುದು, ಏಕೆಂದರೆ ತಾನು ಎಲ್ಲಿದ್ದೇನೆ ಎಂಬುದು ಅವನಿಗೆ ಗೊತ್ತು. ನನಗೆ ಗೊತ್ತಾಗದಂತೆ ಮೂರು ತಾಲೂಕಿನ ಹೆಂಗಸರು ಕೂಡಿ ನೋಡಿಕೊಂಡಿದ್ದರು.

ಭಾನುವಾರ ಬೆಳಿಗ್ಗೆ ರಿಂಗ್ ಚೀಲದಲ್ಲಿ ಹಾಕಿಕೊಂಡು ಉಗರಗೋಳದ ಬಸ್ಸು ಹಿಡಿದೆ. ದೇವಿಯ ಗುಡ್ಡಕ್ಕೆ ಹೋಗುವ ಜನರಿಂದ ಬಸ್ಸು ಕಿಕ್ಕಿರಿದಿತ್ತು. ಯಾರೋ ಪುಣ್ಯಾತ್ಮ ಎದ್ದು, "ಕುಂಡ್ರಬರ್ರಿ ಅಕ್ಕಾರ," ಎಂದ. ಆ ಒಂದು ಸೀಟು ಬಿಟ್ಟುಕೊಟ್ಟದ್ದಕ್ಕೂ ನನಗೆ ಸಿಟ್ಟು ಬಂತು. ನಿಂತೇ ಹೋದೆ.

ನರ್ಸ್ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿದ್ದಳು. ನನ್ನನ್ನು ಕಂಡು ಎದ್ದು, ನೀರು ತರಲು ಒಳಗೆ ಹೊರಟಳು. ನೀರು ಬೇಡ, ನಡಿ ಸಾಲಿಗೆ ಎಂದೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಮೊರ ಕೆಳಗಿಟ್ಟು ಜೊತೆಗೆ ಬಂದಳು. ನಾನು ಮೂವತ್ತು ವರ್ಷದ ಹಿಂದೆ ನೆಡಿಸಿದ ಕಂಬಗಳು ಇನ್ನೂ ಅಲ್ಲೇ ಇದ್ದವು. ನೆಟ್ ಹರಿದಿತ್ತು, ನಡುವೆ ಒಂದು ಹಗ್ಗ ಕಟ್ಟಿದೆವು.

"ಇಪ್ಪತ್ತೊಂದ ಪಾಯಿಂಟ್. ಖರೇ ಆಟ ಆಡು," ಎಂದೆ.

"ಬ್ಯಾಡ್ರಿ ಅಕ್ಕಾರ."

"ಒಂದ ರಿಂಗ್ ಬೇಕಂತ ಬಿಟ್ಟಿ ಅಂದ್ರ, ಇನ್ನ ಮುಂದ ನಿನ್ನ ಮನಿ ನೀರ ಮುಟ್ಟೂದಿಲ್ಲ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ರಿಂಗೇ ನನ್ನ ಎಡ ಮೂಲೆಗೆ ಬಂತು. ನಾನು ಹೊರಳುವುದರೊಳಗೆ ಮಣ್ಣಿನಲ್ಲಿ ಬಿದ್ದಿತ್ತು. ಎರಡನೆಯದೂ ಅಲ್ಲಿಗೇ. ಮೂರನೆಯದು ಅಲ್ಲಿಗೇ ಬರುತ್ತದೆ ಎಂದು ನಾನು ಅತ್ತ ವಾಲಿದರೆ, ಅದು ಬಲಕ್ಕೆ, ಚಪ್ಪಟೆಯಾಗಿ, ಹಗ್ಗ ದಾಟಿದ ಕೂಡಲೇ ಕುಸಿದು ಬಿತ್ತು. ಆ ಎಸೆತ ನನ್ನದು. ನಾನೇ ಇದೇ ಅಂಗಳದಲ್ಲಿ ಅವಳ ಮುಂಗೈ ಹಿಡಿದು ತಿರುಗಿಸಿ ಕಲಿಸಿದ್ದು. ಇಪ್ಪತ್ತೊಂದು–ಆರಕ್ಕೆ ಮುಗಿಯಿತು. ಕೊನೆಗೆ ನಾನು ಕಂಬ ಹಿಡಿದು ನಿಂತು ಉಸಿರಾಡುತ್ತಿದ್ದೆ. ಸೋತ ಸಂಕಟ ಇತ್ತು, ಇಲ್ಲ ಎನ್ನುವುದಿಲ್ಲ. ಅದರ ಜೊತೆಗೆ ಬಹಳ ದಿನದ ಮೇಲೆ ಯಾರೋ ನನ್ನೊಡನೆ ನಿಜ ಮಾತಾಡಿದಂತಾಗಿ ಸಮಾಧಾನವೂ ಆಯಿತು.

"ಯಾಕವ್ವಾ ಹಿಂಗ ಮಾಡಿದ್ರಿ?" ಎಂದೆ.

"ನೀವ ಮೈಕಿನ್ಯಾಗ ಹೇಳಿದ್ರೆಲ್ರಿ. ನಿಮ್ಮನ್ನ ಸೋಲಿಸಿದಾಕಿ ಬಂದ ದಿನ ಆಟ ಬಿಡತೇನಿ ಅಂತ. ಆಕಿ ನಾನ ಆಗಬೇಕೇನ್ರಿ? ಅಕ್ಕಾರ ಆಟ ಬಿಡಿಸಿದಾಕಿ ಅಂತ ನನ್ನ ಕರಿಯೂದು ಬ್ಯಾಡಾಗಿತ್ರಿ. ಎಲ್ಲಾರಿಗೂ ಹಂಗ ಅನಸ್ತು. ಅದಕ್ಕ ಯಾರ ಮ್ಯಾಲೂ ಬರಬಾರದಂತ ಪಾಳಿ ಮಾಡಿದಿವ್ರಿ."

ಹೇಳುತ್ತ ಹೇಳುತ್ತ ಅವಳು ಬಲ ಭುಜವನ್ನು ಎಡಗೈಯಿಂದ ತಿಕ್ಕುತ್ತಿದ್ದಳು. ಏನಾಗಿದೆ ಎಂದು ಕೇಳಿದೆ.

"ಏನಿಲ್ರಿ. ಕೈ ಮ್ಯಾಲ ಏಳವಲ್ದು. ಎರಡ ವರ್ಷ ಆತ್ರಿ."

"ಅದರ ಮುಂಚೆ?"

"ಮುಂಚೆ ಛಲೋ ಇತ್ರಿ."

ಅಷ್ಟೇ ಹೇಳಿದಳು. ಅದರಲ್ಲಿ ದೂರಿರಲಿಲ್ಲ. ಲೆಕ್ಕ ಮಾಡಿದವಳು ನಾನು. ಕಿತ್ತೂರಿನಲ್ಲಿ ಅವಳು ನನಗೆ ಮೊದಲ ಸಲ ಬಿಟ್ಟಾಗ ಅವಳಿಗೆ ಮೂವತ್ತೇಳು, ಭುಜ ನೆಟ್ಟಗಿತ್ತು. ಭುಜ ಹೋದ ಮೇಲೂ ನನ್ನನ್ನು ಆರು ಪಾಯಿಂಟಿಗೆ ಮುಗಿಸಿದಾಕೆ, ಆಗ ಹೇಗೆ ಆಡುತ್ತಿದ್ದಳೋ. ಆ ವರ್ಷ ಧಾರವಾಡಕ್ಕೆ ಹೋಗಬೇಕಾಗಿದ್ದವಳು ಅವಳು. ನಾನು ಹೋಗಿ, ಇಪ್ಪತ್ತೊಂದು–ನಾಲ್ಕಕ್ಕೆ ಸೋತು, ಗಾಳಿ ಸರಿ ಇರಲಿಲ್ಲ ಎಂದು ಹೇಳಿಕೊಂಡು ಬಂದಿದ್ದೆ. ಅಲ್ಲಿಯತನಕ ಸಿಟ್ಟನ್ನು ಎಲ್ಲರ ಮೇಲೆ ಹಂಚುತ್ತ ಬಂದಿದ್ದೆ. ಶಾಲು ಹೊದಿಸಿದ ಸಾಹೇಬರ ಮೇಲೆ, ಎಣಿಸಿ ಸುಮ್ಮನಿದ್ದ ಗಂಡನ ಮೇಲೆ, ಈ ಹೆಂಗಸರ ಹಾಳು ಮರ್ಯಾದೆಯ ಮೇಲೆ. ಅವರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೆ ಆ ಅಂಗಳದಲ್ಲಿ ಅದರ ದೊಡ್ಡ ಪಾಲು ನನ್ನ ಕಡೆಗೇ ತಿರುಗಿತು.

"ಸೋತೆನಲ್ಲ, ಇನ್ನ ಆಟ ಬಿಡತೇನಿ," ಎಂದೆ.

ಅವಳಿಗೆ ಗಾಬರಿಯಾಯಿತು. "ಇಲ್ಲಿ ಯಾರೂ ನೋಡಿಲ್ರಿ. ನೀವು ಸುಮ್ಮನ ಬಿಟ್ರ, ಏನೋ ಮಾಡಿರಬೇಕು ಅಂತ ನನ್ನ ಮ್ಯಾಲ ಬರತೈತ್ರಿ."

ಅದೂ ಖರೆಯೇ. ನಾನು ಮನೆಯಲ್ಲಿ ಕೂತುಬಿಟ್ಟರೆ ಸೋಲದ ಚಾಂಪಿಯನ್ ಎಂದು ಉಳಿಯುತ್ತಿದ್ದೆ. ಹೆಸರು ಇದ್ದಾಗಲೇ ಬಿಟ್ಟಳು ಎಂದು ಊರು ಹೊಗಳುತ್ತಿತ್ತು. ಆ ಹೊಗಳಿಕೆಗಿಂತ ದೊಡ್ಡ ಕಳ್ಳತನ ಇನ್ನೊಂದಿರಲಿಲ್ಲ. ಕಿತ್ತೂರಿಗೆ ಬರುತ್ತೇನೆ, ಅಲ್ಲಿ ಎಲ್ಲರೆದುರು ಇದೇ ರೀತಿ ಆಡಬೇಕು ಎಂದು ಅವಳಿಂದ ಮಾತು ತೆಗೆದುಕೊಂಡೆ. ಆಮೇಲೆ ಅವಳ ಮನೆಗೆ ಹೋಗಿ ನೀರು ಕುಡಿದೆ. ಆ ವರ್ಷ ಧಾರವಾಡಕ್ಕೆ ನಾನು ಹೋಗಲಿಲ್ಲ.

ಕಿತ್ತೂರಿನ ಆಟ ಹೋದ ಚಳಿಗಾಲದಲ್ಲಿ ಆಯಿತು. ನರ್ಸ್ ಮೊದಲು ರಾಮದುರ್ಗದವಳನ್ನು ಸೋಲಿಸಿ ಫೈನಲ್ಲಿಗೆ ಬಂದಳು. ಪಾಳಿಯ ಪ್ರಕಾರ ಬರಬೇಕಾದವಳು ರಾಮದುರ್ಗದವಳು. "ಪಾಳಿ ಮುರದಳು ನೋಡ್ರಿ," ಎಂದು ಅವಳು ಗೊಣಗುವುದು ನನಗೇ ಕೇಳಿಸಿತು. ಫೈನಲ್ಲಿನಲ್ಲಿ ಮೊದಲ ರಿಂಗ್ ನನ್ನ ಎಡ ಮೂಲೆಗೆ ಬಿದ್ದಾಗ ಸುತ್ತ ನಿಂತವರು ಹಾ ಎಂದರು. ಐದು, ಹತ್ತು, ಹದಿನೈದು ಆಗುತ್ತ ಹೋಯಿತು. ನಾನು ಬಿಟ್ಟುಕೊಡಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ಆಡಿದೆ, ಒಂದು ಸಲ ಮಂಡಿಯೂರಿ ಬಿದ್ದೆ ಕೂಡ. ಇಪ್ಪತ್ತೊಂದು–ಎಂಟು.

ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. "ಕಲಿಸಿದ ಅಕ್ಕಾರಿಗೆ ಹಿಂಗ ಮಾಡೂದೇನ? ಎಷ್ಟ ಸೊಕ್ಕ," ಎಂದು ಯಾರೋ ಅಂದರು. ನರ್ಸ್ ತಲೆ ತಗ್ಗಿಸಿ, ಏನೋ ಒಡೆದವಳಂತೆ ನಿಂತಿದ್ದಳು. ಅಷ್ಟರಲ್ಲಿ ಸಂಘಟಕರು ಶಾಲು ಹಿಡಿದುಕೊಂಡು ಬಂದರು. ಗೆದ್ದವಳ ಕಡೆಗಲ್ಲ, ನನ್ನ ಕಡೆಗೆ. ಶಾಲು ಮೊದಲೇ ತಂದಿಟ್ಟಿದ್ದರು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಮೈಕಿನವರು ನನ್ನ ಸಾಧನೆ, ನನ್ನ ತ್ಯಾಗ, ನನ್ನ ದೊಡ್ಡ ಮನಸ್ಸು ಎಂದು ಸುರು ಮಾಡಿದರು. ನನ್ನ ಪಿತ್ತ ನೆತ್ತಿಗೇರಿತು. ಐದು ವರ್ಷದ ಹಿಂದಿನ ಹಾಗೆಯೇ ಹೋಗಿ ಮೈಕು ಕಸಿದೆ.

"ಮೊದಲ ಗೆದ್ದಾಕೀ ಹೆಸರ ಹೇಳ್ರಿ," ಎಂದೆ. "ನಾ ಏನೂ ಬಿಟ್ಟ ಕೊಟ್ಟಿಲ್ಲ. ಆಕಿ ಗೆದ್ದಾಳ, ನಾ ಸೋತೇನಿ. ಚಪ್ಪಾಳಿ ಹೊಡೀರಿ. ಹೊಡಿಯೂತನಕ ನಾ ಇಲ್ಲಿಂದ ಇಳಿಯೂದಿಲ್ಲ."

ಹೊಡೆದರು. ಸಾಲಿಯಲ್ಲಿ ಹೆದರಿದ ಮಕ್ಕಳು ಹೊಡೆಯುವ ಚಪ್ಪಾಳೆ ಅದು. ಅಷ್ಟಾದರೂ ಬಂತು. ರಿಂಗನ್ನು ಮೇಜಿನ ಮೇಲೆ ಇಟ್ಟು ಕೆಳಗಿಳಿದೆ.

ಚಾಂಪಿಯನ್ ಆದವರು ಯಾವಾಗ ಬಿಡಬೇಕು ಎಂದು ಯಾರಾದರೂ ಈಗ ನನ್ನನ್ನು ಕೇಳಿದರೆ, ನಿನಗೇನು ಮಾಡುವುದಿದೆ, ನೀನು ನಿಜ ಆಡು ಎನ್ನುತ್ತೇನೆ. ಬಿಡುವ ದಿನವನ್ನು ಹೇಳಬೇಕಾದದ್ದು ಎದುರಿಗೆ ನಿಂತವಳ ಕೈ. ಆ ಕೈಯನ್ನು ಕಟ್ಟಿಹಾಕಿ, ಹೊರಗೆ ನಿಂತು ಹಿತ ನುಡಿಯುವವರ ಮಾತು ನನ್ನ ಕಿವಿಗೆ ಬೀಳುವುದಿಲ್ಲ.

ಧಾರವಾಡಕ್ಕೆ ನರ್ಸ್ ಜೊತೆ ನಾನೂ ಹೋದೆ. ನೀರಿನ ಬಾಟಲಿ, ಟವೆಲ್ಲು, ಭುಜಕ್ಕೆ ಹಚ್ಚುವ ಮುಲಾಮು ಎಲ್ಲ ನನ್ನ ಚೀಲದಲ್ಲಿತ್ತು. ನಾನು ಮೂರು ಸಲವೂ ದಾಟಲಾಗದ ಮೊದಲನೆಯ ಸುತ್ತನ್ನು ಅವಳು ಆರಾಮಾಗಿ ಗೆದ್ದಳು. ಎರಡನೆಯ ಸುತ್ತಿನಲ್ಲಿ ಇಪ್ಪತ್ತಾರು ವರ್ಷದ ಒಬ್ಬಳೆದುರು ಹದಿನೆಂಟರವರೆಗೆ ಸಮಸಮ ಬಂದಳು. ಆಮೇಲೆ ಅವಳ ಕೈ ಮೇಲೆ ಏಳಲಿಲ್ಲ. ಮೂರು ರಿಂಗು ಅವಳ ತಲೆಯ ಮೇಲಿಂದಲೇ ಹೋದವು. ಕೈ ಹೋಗಬೇಕೆಂದು ಹೋಗುತ್ತಿತ್ತು, ಭುಜದ ಹತ್ತಿರ ನಿಂತುಬಿಡುತ್ತಿತ್ತು.

ಆಟ ಮುಗಿದ ಮೇಲೆ ಅಂಪೈರ್ ಬಂದರು. ನನ್ನಷ್ಟೇ ವಯಸ್ಸಿನ ಹೆಂಗಸು, ಹಿಂದೆ ನಾನು ಸೋತಾಗಲೂ ಅವರೇ ಕುರ್ಚಿಯಲ್ಲಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ನರ್ಸಿನ ಮುಂಗೈ ಹಿಡಿದು ತಿರುಗಿಸಿ ನೋಡಿ, "ಇಂಥಾ ಕೈ ನಾ ಭಾಳ ವರ್ಷ ಆತು ನೋಡಿಲ್ಲ. ಎಲ್ಲಿದ್ದೆವಾ ಇಷ್ಟ ದಿವಸ?" ಎಂದು ಕೇಳಿದರು.

ನಾನು ಪಕ್ಕದಲ್ಲೇ ಬಾಟಲಿಯ ಮುಚ್ಚಳ ತಿರುವುತ್ತ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಭುಜ ತಿಕ್ಕಿಕೊಳ್ಳುತ್ತ, ಸಂಕೋಚದಿಂದ ನಕ್ಕಳು.

"ನನ್ನ ಪಾಳಿ ಬಂದಿರಲಿಲ್ರಿ," ಎಂದಳು.